ಗಾಡಿಗೂ ಜುಲ್ಮಾನಿ ಹಾಕ್ರಿ

ರೊಟ್ಟಿಯ ಬುಟ್ಟಿಗಳನ್ನು ಟಂಟಂ ಆಟೋದಲ್ಲಿ ಹೇರಿ, ಮೇಲೆ ಹಳೆಯ ಸೀರೆ ಮುಚ್ಚಿ, ಊರ ಹೊರಗಿನ ತಿರುವು ದಾಟುವ ತನಕ ನನ್ನ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ತಿರುವಿನ ಆಚೆಗೆ ಕಂಪನಿಯ ರೈಲು ಲೈನು. ಅಲ್ಲಿ ರಸ್ತೆ ಖಾಲಿ ಕಂಡರೆ ಆ ದಿನ ಬಚಾವಾದೆವು. ಕಲ್ಲಿದ್ದಲು ಗಾಡಿಯ ವ್ಯಾಗನ್ನುಗಳು ಅಡ್ಡ ನಿಂತದ್ದು ಕಂಡರೆ ನಮ್ಮ ಮನೆಯವರು ಟಂಟಂ ಬಂದ್ ಮಾಡಿ, ಅಂಗಿ ಜೇಬಿನಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಅಡಿಕೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಇಳೀಬ್ಯಾಡ. ಎಲ್ಲಿಗಿ ಹೋಗ್ತಿ? ನೀ ನಡದಾಡಿದ್ರ ಗಾಡಿ ಸರೀತದೇನು?" ಅನ್ನುತ್ತಿದ್ದರು.

ಸರಿಯುವುದಿಲ್ಲ ಎಂದು ನನಗೂ ಗೊತ್ತು. ಆದರೂ ಇಳಿಯುತ್ತಿದ್ದೆ. ವ್ಯಾಗನ್ನುಗಳ ಪಕ್ಕದಲ್ಲಿ ಕಂಕರು ಕಲ್ಲುಗಳ ಮೇಲೆ ಕಂಪನಿಯ ಶೆಡ್ಡಿನ ಕಡೆಗೆ ಒಂದಷ್ಟು ದೂರ ಹೋಗಿ, ಇನ್ನೂ ಎಷ್ಟು ಖಾಲಿಯಾಗಬೇಕು ಎಂದು ನೋಡಿ, ತಿರುಗಿ ಬಂದು ಹೇಳುತ್ತಿದ್ದೆ. ಅವರು ಕೇಳಿರುತ್ತಿರಲಿಲ್ಲ. ಮತ್ತೆ ಹೋಗುತ್ತಿದ್ದೆ. ಬುಟ್ಟಿಯ ಮೇಲಿನ ಸೀರೆ ಸರಿಸಿ ರೊಟ್ಟಿ ಮುಟ್ಟಿ ನೋಡುತ್ತಿದ್ದೆ. ಬಿಸಿ ರೊಟ್ಟಿ ಒಂದರ ಮೇಲೊಂದು ಕೂತರೆ ಬೆವರುತ್ತದೆ. ಬೆವರಿದರೆ ಒಂದಕ್ಕೊಂದು ಅಂಟುತ್ತದೆ. ಅಂಟಿದ ರೊಟ್ಟಿಯನ್ನು ಬಿಡಿಸಲು ಹೋದರೆ ಹರಿಯುತ್ತದೆ. ನಾನು ನೋಡುವುದರಿಂದ ಅದೇನೂ ನಿಲ್ಲುತ್ತಿರಲಿಲ್ಲ. ನೋಡದೇ ಇರಲಿಕ್ಕೂ ಆಗುತ್ತಿರಲಿಲ್ಲ.

ನಾನು ಹುಟ್ಟಿದ್ದು ಸುರಪುರದ ಕಡೆ, ಕೊಡೇಕಲ್ಲಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪನದು ಕುರಿ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಒಬ್ಬರ ಹೊಲದಲ್ಲಿ ಕುರಿ ತರುಬಿಸಿ, ಅಲ್ಲಿಂದ ಎಬ್ಬಿಸಿಕೊಂಡು ಮುಂದಿನವರ ಹೊಲಕ್ಕೆ ಹೋಗುವುದು, ಹೀಗೇ ಹೊಳೆಯ ದಂಡೆಯವರೆಗೆ. ಶಾಲೆಗೆ ರಜೆ ಬಿಟ್ಟ ಕೂಡಲೇ ನಾನೂ ಹಿಂಡಿನ ಹಿಂದೆ. ಒಂದೇ ಕಡೆ ಕೂತರೆ ಮೇವು ಮುಗಿಯುತ್ತದೆ ಎನ್ನುವುದು ಅಕ್ಷರ ಕಲಿಯುವ ಮೊದಲೇ ಗೊತ್ತಾಗಿತ್ತು. ಆಮೇಲೆ ಸುರಪುರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಿದೆ, ಮದುವೆಯಾಗಿ ಯಾದಗಿರಿ ಕಡೆಯ ಈ ಊರಿಗೆ ಬಂದೆ. ಒಂದೆಡೆ ನಿಲ್ಲದ ಕಾಲಿನ ಗುಣ ಮಾತ್ರ ಹೋಗಲಿಲ್ಲ. ನಮ್ಮ ಅತ್ತೆ ಬದುಕಿದ್ದಾಗ, "ಇಕಿ ಕುಂತು ಉಂಡದ್ದು ನಾ ನೋಡೇ ಇಲ್ಲ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಕುಂತು ಉಣ್ಣುವವಳು ನನ್ನ ನೆಗೆಣ್ಣಿ. ಗಂಡನ ಅಣ್ಣನ ಹೆಂಡತಿ. ನನಗಿಂತ ದೊಡ್ಡವಳು, ನಾನು ಯಕ್ಕಾ ಅನ್ನುತ್ತೇನೆ. ಭಾವನವರು ಯಾದಗಿರಿಯ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ. ಒಂದೇ ಅಂಗಳ, ಎರಡು ಒಲೆ. ಅಕ್ಕ ಒಲೆಯ ಮುಂದೆ ಕೂತಳೆಂದರೆ ಅವಳ ಎರಡು ಅಂಗೈಗಳ ನಡುವೆ ಹಿಟ್ಟಿನ ಉಂಡೆ ತಾನಾಗಿಯೇ ತಿರುಗುತ್ತ ಅಗಲವಾಗುತ್ತಿತ್ತು. ಅವಳು ಬಡಿದ ರೊಟ್ಟಿ ಹಂಚಿನ ಮೇಲೆ ಒಂದು ಕಡೆಯೂ ಹರಿಯದೆ ಉಬ್ಬುತ್ತಿತ್ತು. ಅದನ್ನು ನೋಡಿಯೇ ನನಗೆ ರೊಟ್ಟಿ ಮಾರುವ ಯೋಚನೆ ಬಂದದ್ದು. ಕಡೇಚೂರಿನ ಕಡೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸಗಾರರಿಗೆ ಮಧ್ಯಾಹ್ನಕ್ಕೆ ಬಿಸಿ ರೊಟ್ಟಿ ಬೇಕಾಗಿದೆ ಎಂದು ತಿಳಿದಾಗ ನಾನೇ ಹೋಗಿ ಮಾತಾಡಿ ಬಂದೆ. ಓಣಿಯ ಇನ್ನೂ ಕೆಲವು ಹೆಣ್ಣುಮಕ್ಕಳು ಸೇರಿಕೊಂಡರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮನೆಯವರು ಟಂಟಂಗೆ ಮಂದಿ ಹಾಕುವುದನ್ನು ಬಿಟ್ಟು ಬುಟ್ಟಿ ಹಾಕತೊಡಗಿದರು.

ಒಪ್ಪಂದದಲ್ಲಿ ಒಂದೇ ಮಾತು ಖಡಕ್ ಇತ್ತು: ಊಟದ ಗಂಟೆಗೆ ಮೊದಲು ರೊಟ್ಟಿ ಮುಟ್ಟಬೇಕು, ತಡವಾದರೆ ದುಡ್ಡು ಕಟ್. ನಾನು ನಕ್ಕು ಒಪ್ಪಿಕೊಂಡಿದ್ದೆ. ತಡ ಮಾಡುವ ಹೆಂಗಸೇ ನಾನಲ್ಲವಲ್ಲ.

ಕಂಪನಿ ಲೈನಿನ ವಿಷಯ ಆಗ ಅಷ್ಟು ಬಿಗಿಯಾಗಿರಲಿಲ್ಲ. ಊರ ಪಕ್ಕದಲ್ಲೇ ಇರುವ ಈ ಕಾರ್ಖಾನೆ ಬೇರೆ, ನಮ್ಮ ರೊಟ್ಟಿ ಹೋಗುತ್ತಿದ್ದ ಕಾರ್ಖಾನೆ ಬೇರೆ. ಊರ ಪಕ್ಕದ್ದಕ್ಕೆ ಕಲ್ಲಿದ್ದಲು ತರಲು ದೊಡ್ಡ ಲೈನಿನಿಂದ ಒಂದು ಕವಲು ಎಳೆದಿದ್ದಾರೆ. ಅದು ನಮ್ಮ ರಸ್ತೆಯನ್ನು ಅಡ್ಡ ದಾಟಿ ಒಳಗೆ ಹೋಗುತ್ತದೆ. ಊರೂ ಆ ಕಂಪನಿಯೂ ಈ ಕಡೆ. ಯಾದಗಿರಿ, ಶಹಾಪುರ, ಕಡೇಚೂರು, ಆಸ್ಪತ್ರೆ, ಕಾಲೇಜು ಎಲ್ಲ ಆ ಕಡೆ. ಮೊದಲು ಗಾಡಿ ಅಪರೂಪಕ್ಕೆ ಬರುತ್ತಿತ್ತು. ಕಾರ್ಖಾನೆ ಬೆಳೆಯಿತು, ಗಾಡಿ ಉದ್ದವಾಯಿತು, ಶೆಡ್ಡು ಮಾತ್ರ ಇದ್ದಷ್ಟೇ ಉಳಿಯಿತು. ಮುಂದಿನ ವ್ಯಾಗನ್ನುಗಳು ಶೆಡ್ಡಿನಲ್ಲಿ ಖಾಲಿಯಾಗುವಾಗ ಹಿಂದಿನವು ನಮ್ಮ ರಸ್ತೆಯ ಮೇಲೆ. ಮುಂದಿನವು ಖಾಲಿಯಾದಂತೆ ಗಾಡಿ ಒಂದಿಷ್ಟು ಜಗ್ಗುತ್ತದೆ, ಮತ್ತೆ ನಿಲ್ಲುತ್ತದೆ. ಕೊನೆಯ ವ್ಯಾಗನ್ನು ದಾಟುವವರೆಗೆ ರಸ್ತೆ ನಮ್ಮದಲ್ಲ. ಗೇಟು ಅಂತ ಇದ್ದದ್ದು ಒಂದು ಕಬ್ಬಿಣದ ಸರಪಳಿ, ಅದನ್ನು ಕಟ್ಟಿ ಬಿಚ್ಚಲು ಒಬ್ಬ ಸೆಕ್ಯುರಿಟಿಯವನು. ಸುತ್ತು ಹಾಕಿ ಹೋಗಲು ಹೊಲದ ದಾರಿ ಇದೆ, ಆದರೆ ಎರೆಭೂಮಿ. ಒಂದು ಮಳೆ ಬಿದ್ದರೆ ಟಂಟಂ ಗಾಲಿ ಹೂತು ಕೂಡುತ್ತದೆ.

ಮೊದಲ ಸಲ ಕಟ್ ಆದ ದಿನ ಕ್ಯಾಂಟೀನಿನ ಸೂಪರ್‌ವೈಜರನ ಮುಂದೆ ಗಾಡಿಯ ಕತೆ ಹೇಳಿದೆ. ಅವನು ಕೆಟ್ಟ ಮನುಷ್ಯನಲ್ಲ.

"ಅಕ್ಕಾರ, ಗಂಟಿ ಹೊಡೀತಂದ್ರ ಮಂದಿ ಪಾಳಿ ಹಚ್ತಾರ. ಹಸ್ದ ಮಂದಿಗಿ ನಾ ನಿಮ್ಮೂರ ಗಾಡಿ ಕತಿ ಹೇಳ್ಲೇನ್ರಿ?" ಎಂದ.

ಎರಡನೇ ಸಲವೂ ಕತೆ ಕೇಳಿಸಿಕೊಂಡ. ಆಮೇಲೆ ಬುಟ್ಟಿ ಇಳಿಸುವ ಮೊದಲೇ ಕಟ್ ಬರೆಯತೊಡಗಿದ. ಬೆವರಿ ಹರಿದ ರೊಟ್ಟಿಗಳನ್ನು ತಿರುಗಿ ಮನೆಗೆ ತಂದು ಎಮ್ಮೆಗೆ ಹಾಕುವಾಗ ನನ್ನ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ, ಹಲ್ಲು ಕಡಿಯುತ್ತಿದ್ದೆ. ಅಕ್ಕ ಮಾತ್ರ, "ಎಮ್ಮಿನೂ ಹಸ್ದಿತ್ತು ಬಿಡು" ಎಂದು ನಗುತ್ತಿದ್ದಳು.

ದಾರಿ ಹುಡುಕಿದ್ದು ಅಕ್ಕನೇ. ಆಗಲೇ ಊರವರೆಲ್ಲ ವ್ಯಾಗನ್ನುಗಳ ನಡುವೆ ಹತ್ತಿ ಇಳಿದು ದಾಟುತ್ತಿದ್ದರು. ಕಾಲೇಜಿನ ಹುಡುಗಿಯರು, ದಿನಗೂಲಿಯವರು, ಬೈಕನ್ನು ಈ ಕಡೆ ನಿಲ್ಲಿಸಿ ಹೋಗುವ ಮಾಸ್ತರರು. "ಆ ಕಡಿ ಒಂದು ಟಂಟಂ ಇದ್ರ ಸಾಕು. ಬುಟ್ಟಿ ಕೈಯಿಂದ ಕೈಗಿ ಕೊಡೂಣು" ಎಂದಳು. ಮನೆಯವರು ತಮ್ಮ ಗೆಳೆಯನೊಬ್ಬನಿಗೆ ಹೇಳಿ ಆ ಕಡೆ ಟಂಟಂ ನಿಲ್ಲಿಸಿದರು. ನಾನು ಈ ಕಡೆಯಿಂದ ಬುಟ್ಟಿ ಎತ್ತಿ ಕೊಡುವುದು. ಅಕ್ಕ ಎರಡು ವ್ಯಾಗನ್ನು ಕೂಡುವ ಕೊಂಡಿಯ ಮೇಲೆ ನಿಂತು ತೆಗೆದುಕೊಂಡು ತಿರುಗಿ ಆ ಕಡೆಗೆ ಕೊಡುವುದು. ಅಲ್ಲಿ ಮನೆಯವರು ಇಳಿಸಿಕೊಳ್ಳುವುದು. ಅಕ್ಕ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿಕೊಂಡು ಒಲೆಯ ಮುಂದೆ ಕೂತಷ್ಟೇ ನಿರಾಳವಾಗಿ ಅಲ್ಲಿ ನಿಲ್ಲುತ್ತಿದ್ದಳು. ಸೆಕ್ಯುರಿಟಿಯವನು ಮೊದಮೊದಲು ಸೀಟಿ ಊದಿದ, ಆಮೇಲೆ ರೊಟ್ಟಿ ಕೇಳಿ ತಿನ್ನತೊಡಗಿದ. ಕಟ್ ನಿಂತಿತು. ನಮಗೆ ಗೆದ್ದಷ್ಟು ಖುಷಿ.

ಆ ದಿನ ಮೋಡ ಹಾಕಿತ್ತು. ಕೊನೆಯ ಬುಟ್ಟಿಗಿಂತ ಮುಂಚಿನ ಬುಟ್ಟಿ ಅಕ್ಕನ ಕೈಯಲ್ಲಿತ್ತು. ಮುಂದೆ ಎಲ್ಲೋ ಒಂದು ಸದ್ದಾಯಿತು, ಆ ಸದ್ದು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹರಿದು ನಮ್ಮ ಕಡೆ ಬಂತು. "ಯಕ್ಕಾ!" ಎಂದು ನಾನು ಒದರುವುದಕ್ಕೂ ಗಾಡಿ ಜಗ್ಗುವುದಕ್ಕೂ ಸರಿಹೋಯಿತು. ಅವಳು ನನ್ನ ಕಡೆಗೇ ಬಿದ್ದಳು. ಕಂಕರಿನ ಮೇಲೆ ಬಲಗೈ ಊರಿ ಬಿದ್ದಳು. ನಾನು ಅವಳ ಎರಡೂ ತೋಳಿಗೆ ಕೈ ಹಾಕಿ ಜಗ್ಗಿದೆ, ಇಬ್ಬರೂ ಹಿಂದಕ್ಕೆ ಬಿದ್ದೆವು. ಬುಟ್ಟಿ ಹಳಿಯ ಮೇಲೆ ಬಿದ್ದಿತ್ತು. ಗಾಲಿ ರೊಟ್ಟಿಗಳ ಮೇಲೆ ಹೋಯಿತು. ಒಂದು, ಮತ್ತೊಂದು. ಆಮೇಲೆ ಗಾಡಿ ಮತ್ತೆ ನಿಂತಿತು.

ಅಕ್ಕನ ಮಣಿಕಟ್ಟು ಇರಬೇಕಾದ ಆಕಾರದಲ್ಲಿ ಇರಲಿಲ್ಲ. ಮುಖ ಬಿಳಿಚಿತ್ತು, ಆದರೆ ಅಳುತ್ತಿರಲಿಲ್ಲ. ಆ ಕಡೆಯಿಂದ ಮನೆಯವರು ಕೂಗುತ್ತಿದ್ದರು. ಅವರು ಆ ಕಡೆ, ಆಸ್ಪತ್ರೆ ಆ ಕಡೆ, ನಾವಿಬ್ಬರು ಈ ಕಡೆ. ನಡುವೆ ಗಾಡಿ. ಈಗ ಅದರ ಮೇಲೆ ಹತ್ತುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಸೆಕ್ಯುರಿಟಿಯವನ ಹತ್ತಿರ ಓಡಿದೆ.

"ಫೋನ್ ಮಾಡೋ ಯಪ್ಪಾ! ಗಾಡಿ ತಗಸು! ಕೈ ಮುರದದ!"

"ನನ್ ಕೈಯಾಗ ಏನದ ಯಕ್ಕಾ? ಖಾಲಿ ಆಗೂತನ ಅವ್ರು ತಗಿಯಂಗಿಲ್ಲ" ಎಂದ. ಆದರೂ ಫೋನ್ ಮಾಡಿದ. ಏನು ಹೇಳಿದನೋ, ಅವರು ಏನು ಅಂದರೋ, ಗಾಡಿ ಮಾತ್ರ ಅಲ್ಲೇ.

ನಾನು ಶೆಡ್ಡಿನ ಕಡೆಗೆ ಓಡಿದೆ, ಅರ್ಧಕ್ಕೆ ಅಕ್ಕನ ನೆನಪಾಗಿ ತಿರುಗಿ ಓಡಿ ಬಂದೆ, ಅವಳ ಬಾಯಿಗೆ ನೀರು ಹಾಕಿ ಮತ್ತೆ ಎದ್ದೆ. ಅವಳು ಎಡಗೈಯಿಂದ ನನ್ನ ಸೆರಗು ಹಿಡಿದಳು.

"ಕೂಡ ಬೇ ತಂಗಿ. ಕೈ ಮುರದದ, ಜೀವ ಹೋಗಿಲ್ಲ. ನೀ ಓಡ್ಯಾಡಿದ್ರ ನನಗ ತಲಿ ತಿರಗ್ತದ."

ಕೂತೆ. ನನ್ನ ಬದುಕಿನಲ್ಲಿ ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಗಾಡಿ ಖಾಲಿಯಾಗಿ ದಾಟಿ ಹೋದ ಮೇಲೆ, ಸರಪಳಿ ಬಿಚ್ಚಿದ ಮೇಲೆ, ಅವಳನ್ನು ಯಾದಗಿರಿಯ ದವಾಖಾನೆಗೆ ಕರೆದೊಯ್ದೆವು. ಪಟ್ಟಿ ಹಾಕಿದರು. ಎಲುಬು ಕೂಡುತ್ತದೆ, ಮೊದಲಿನ ಬಲ ಬರುತ್ತದೋ ಇಲ್ಲವೋ ನೋಡಬೇಕು ಎಂದರು.

ಕೈಗೆ ಪಟ್ಟಿ ಇರುವಾಗಲೇ ಮನೆಗೆ ಒಬ್ಬ ಪೊಲೀಸ್ ಬಂದ. ನಿಂತ ಗಾಡಿಯ ಮೇಲೆ ಹತ್ತಿದ್ದಕ್ಕೆ, ಕಂಪನಿಯ ಜಾಗದಲ್ಲಿ ಅನುಮತಿ ಇಲ್ಲದೆ ಹೊಕ್ಕಿದ್ದಕ್ಕೆ ಅಕ್ಕನ ಮೇಲೆ ದೂರು. ದೂರು ಕೊಟ್ಟವರು ಕಂಪನಿಯವರು. ಬಿದ್ದವಳು ನಾಳೆ ತಮ್ಮ ಮೇಲೆ ಕೇಸು ಹಾಕಬಾರದು ಎಂದು ಮೊದಲೇ ಬಂದೋಬಸ್ತ್ ಮಾಡಿಕೊಂಡಿದ್ದಾರೆ ಎಂದು ಊರಲ್ಲಿ ತಿಳಿದವರು ಹೇಳಿದರು.

ಕೋರ್ಟಿಗೆ ನಾನೂ ಹೋದೆ. ನ್ಯಾಯಾಧೀಶರು ಪಟ್ಟಿ ಹಾಕಿದ ಕೈ ನೋಡಿ ಮೆಲ್ಲಗೆ ಕೇಳಿದರು. "ಗಾಡಿ ಮೇಲೆ ಹತ್ತಿದ್ದು ನಿಜವೇನಮ್ಮ?"

"ಹೌದ್ರಿ."

"ತಪ್ಪು ಅಂತ ಗೊತ್ತಿತ್ತಾ?"

"ಗೊತ್ತಿತ್ರಿ. ರೊಟ್ಟಿ ಬೆವರಾಕತ್ತಿದ್ದುವು."

ಹಿಂದೆ ಕೂತವರಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಜುಲ್ಮಾನೆ ಸಣ್ಣದೇ ಹಾಕಿದರು, ಇನ್ನೊಮ್ಮೆ ಹಾಗೆ ಮಾಡಬೇಡಿ ಎಂದರು. ಅಕ್ಕ ಎಡಗೈಯ ಹೆಬ್ಬೆರಳು ಒತ್ತಿದಳು. ಹೊರಗೆ ಬಂದು ಬೇವಿನ ಮರದ ಕೆಳಗೆ ಚಹಾ ಕುಡಿದಳು. ನಾನು ಮರದ ಸುತ್ತ ತಿರುಗುತ್ತಿದ್ದೆ. ರೊಟ್ಟಿ ತಡವಾದರೆ ನನಗೆ ಕಟ್, ಗಾಡಿ ಹತ್ತಿದರೆ ಅಕ್ಕನಿಗೆ ಜುಲ್ಮಾನೆ. ಊರಿಗೂರನ್ನೇ ಕಟ್ಟಿಹಾಕಿ ನಿಲ್ಲುವ ಆ ಗಾಡಿಗೆ?

"ಗಾಡಿಗಿ ಜುಲ್ಮಾನಿ ಹಾಕವ್ರು ಯಾರಬೇ ಯಕ್ಕಾ?" ಎಂದೆ.

"ಅದಕ್ಕ ಕೋರ್ಟಿಗಿ ನಡ್ಕೊಂಡು ಬರಾಕ ಕಾಲಿಲ್ಲ ತಂಗಿ" ಎಂದು ಅವಳು ಚಹಾದ ಕಪ್ಪು ಇಟ್ಟಳು.

ನಾನು ಅಷ್ಟಕ್ಕೆ ಬಿಡುವವಳಲ್ಲ. ಮರುವಾರವೇ ಯಾದಗಿರಿಯ ಜಿಲ್ಲಾಧಿಕಾರಿಗಳ ದೊಡ್ಡ ಕಚೇರಿಗೆ ಹೋದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಕಳಿಸಿದರು. ನನಗೆ ಓಡಾಟ ಹೊಸದಲ್ಲ, ಹೋದೆ. ಕೊನೆಗೆ ಒಬ್ಬ ಅಧಿಕಾರಿ ಸಿಕ್ಕರು. ಮೈಸೂರು ಕಡೆಯವರಿರಬೇಕು, ಮಾತು ಮೆದು. ಎಲ್ಲ ಕೇಳಿಸಿಕೊಂಡು ಹೇಳಿದರು:

"ರಸ್ತೆ ದಾಟಿಸಿ ಲೈನ್ ಹಾಕೋಕೆ ಅನುಮತಿ ಕೊಟ್ಟಾಗಲೇ ಷರತ್ತು ಇದೆಯಮ್ಮ. ಹೆಚ್ಚು ಹೊತ್ತು ರಸ್ತೆ ಕಟ್ಟಬಾರದು, ಕಟ್ಟಿದರೆ ದಂಡ."

"ಮತ್ತ ಹಾಕೀರೇನ್ರಿ ಸಾಹೇಬ್ರ?"

"ಶುರುವಿನಲ್ಲಿ ಹಾಕಿದ್ವಿ. ಅವರು ಕಟ್ಟಿಬಿಡ್ತಾರೆ. ಏನೂ ಜಗಳ ಮಾಡಲ್ಲ. ರಸ್ತೆ ಹತ್ತಿರ ಗಾಡಿನ ಎರಡು ಭಾಗ ಮಾಡಿ ನಿಲ್ಲಿಸಬಹುದು, ಆದರೆ ಅದಕ್ಕೆ ಜನ ಬೇಕು, ಸಮಯ ಬೇಕು. ಅದಕ್ಕಿಂತ ದಂಡ ಕಟ್ಟೋದೇ ಅವರಿಗೆ ಅಗ್ಗ. ಬಾಡಿಗೆ ಥರ ಕಟ್ತಿದ್ರು. ಆಮೇಲೆ ನಮ್ಮವರೂ ಬರೆಯೋದು ಬಿಟ್ಟರು."

ಬಾಡಿಗೆ ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ನಮ್ಮ ರಸ್ತೆಯನ್ನು ಅವರಿಗೆ ಬಾಡಿಗೆಗೆ ಕೊಟ್ಟವರು ಯಾರು? ದಂಡ ಹೆಚ್ಚು ಮಾಡಲು ಬರುವುದಿಲ್ಲವೇ ಎಂದು ಕೇಳಿದೆ. ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಿದರೆ ಜಿಲ್ಲಾಧಿಕಾರಿಗಳು ಷರತ್ತು ಬದಲಾಯಿಸಬಹುದು ಎಂದರು. ಬಸ್ಸಿಗೂ ಕಾಯದೆ ಸಿಕ್ಕ ಜೀಪಿನಲ್ಲಿ ಊರಿಗೆ ಬಂದೆ. ಅಂದಿನಿಂದ ಮನೆಮನೆ ಹೊಕ್ಕೆ. ಗಾಡಿಯ ಮೇಲಿನ ಸಿಟ್ಟು ಇಲ್ಲದ ಮನೆ ಊರಲ್ಲಿ ಇರಲಿಲ್ಲ. ಆದರೆ ಸಭೆಯಲ್ಲಿ ಬಾಯಿ ಬಿಡುತ್ತೇನೆ ಎನ್ನುವವರು ಕಡಿಮೆ. ಒಬ್ಬೊಬ್ಬರ ಮನೆಯಲ್ಲಿ ಒಬ್ಬರಾದರೂ ಆ ಕಂಪನಿಯಲ್ಲಿ ಕೆಲಸಕ್ಕಿದ್ದರು.

ಸುದ್ದಿ ಕಂಪನಿಗೂ ಮುಟ್ಟಿತು. ಸಭೆಗೆ ಮೊದಲು ಒಂದು ಮುಂಜಾನೆ ಅವರ ಮ್ಯಾನೇಜರು ಕಾರಿನಲ್ಲಿ ನಮ್ಮ ಅಂಗಳಕ್ಕೆ ಬಂದರು. ಹೊರಸಿನ ಮೇಲೆ ಕೂತು ಅಕ್ಕನ ಕೈ ವಿಚಾರಿಸಿದರು. ದೂರು ಕೊಡಬಾರದಿತ್ತು, ಕೆಳಗಿನವರು ಮಾಡಿದ ಕೆಲಸ ಎಂದರು. ರೊಟ್ಟಿ ಕೊಟ್ಟೆವು, ತಿಂದರು, ಮೆಚ್ಚಿದರು.

"ನಮ್ಮ ಕ್ಯಾಂಟೀನಿಗೂ ರೊಟ್ಟಿ ಬೇಕು. ದಿನಾ. ನೀವೇ ಕೊಡಿ" ಎಂದರು. "ನಾವು ಊರಿನ ಈ ಕಡೆಯೇ ಇದೀವಿ. ನೀವು ಲೈನ್ ದಾಟೋ ಪ್ರಮೇಯವೇ ಇಲ್ಲ. ತಡವಾದರೂ ಕಟ್ ಮಾಡಲ್ಲ." ರೊಟ್ಟಿಯ ತಟ್ಟೆ ಕೆಳಗಿಟ್ಟು, "ಊರಿನವರು ನಾವು ನಾವೇ ಹೊಂದಿಕೊಂಡು ಹೋಗೋಣ. ಕಚೇರಿಗಳಿಗೆ ಅಲೆಯೋದು ಯಾಕೆ?" ಎಂದರು.

ಕಾರು ಹೋದ ಮೇಲೆ ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಕಡೇಚೂರಿನ ಕ್ಯಾಂಟೀನಿನವರು ಅಷ್ಟರಲ್ಲೇ ನಮ್ಮನ್ನು ಬಿಟ್ಟು, ಅಲ್ಲೇ ಹತ್ತಿರದ ಹಳ್ಳಿಯ ಹೆಣ್ಣುಮಕ್ಕಳಿಗೆ ರೊಟ್ಟಿಯ ಕೆಲಸ ಕೊಟ್ಟಿದ್ದರು. ಒಲೆ ಹಚ್ಚುವ ಕಾರಣವೇ ಇರಲಿಲ್ಲ. ನಾನು ಅಂಗಳದಲ್ಲಿ ಅತ್ತ ಇತ್ತ ತಿರುಗುತ್ತಿದ್ದೆ.

"ಹೌದು ಅಂದ್ಬಿಡು" ಎಂದಳು ಅಕ್ಕ.

ನಾನು ನಿಂತೆ. "ನೀನೇ ಅಂತೀಯಲ್ಲ ಯಕ್ಕಾ? ನಿನ್ನ ಕೈ ನೋಡ್ಕೊ."

"ನನ್ನ ಕೈ ನಾ ದಿನಾ ನೋಡ್ತೀನಿ. ಅದಕ್ಕ ಅಂತೀನಿ. ಮನಿ ಮುಂದ ಕೆಲಸ ಬಂದದ."

"ಅವ್ರು ಕೆಲಸ ಕೊಡಾಕ ಬಂದಿಲ್ಲ. ಬಾಯಿ ಮುಚ್ಚಸಾಕ ಬಂದಾರ."

"ಮುಚ್ಚಲಿ. ಬಾಯಿ ತೆಗದು ನೀ ಏನ್ ತಂದಿ? ನಿನಗ ಕೂತ್ರ ಆಗಂಗಿಲ್ಲ, ಅದಕ್ಕ ಊರೆಲ್ಲ ಎಬ್ಬಿಸಿ ನಿಂದ್ರಸ್ತಿ. ಸಿಟ್ಟು ಮಾಡೂದಾದ್ರ ನಾ ಮಾಡಬೇಕು. ಬಿದ್ದಾಕಿ ನಾ, ನೀ ಅಲ್ಲ."

ಇಷ್ಟು ಗಟ್ಟಿಯಾಗಿ ಅವಳು ನನ್ನೊಡನೆ ಮಾತಾಡಿದ್ದೇ ಇಲ್ಲ. ನಾನೂ ಏನೇನೋ ಅಂದೆ. ಅವಳು ಎದ್ದು ಒಳಗೆ ಹೋದಳು. ಆ ಸಂಜೆ ಅಂಗಳದಲ್ಲಿ ಎರಡು ಒಲೆಗಳೂ ಹೊತ್ತಿದವು, ಆದರೆ ಯಾರೂ ಯಾರಿಗೂ ಪಲ್ಯ ಕೊಡಲಿಲ್ಲ. ಮನೆಯವರು ಉಂಡು ಮಲಗಿದರು. ನಾನು ಬಾಗಿಲಿಗೂ ಅಂಗಳಕ್ಕೂ ನಡೆದಾಡುತ್ತ, ಅವಳು ಹೇಳಿದ್ದು ಸರಿಯೇ ಇರಬಹುದೇ ಎಂದು ಯೋಚಿಸಿದೆ. ಸರಿ ಇರಬಹುದು. ಅವಳ ಸಿಟ್ಟನ್ನು ನಾನು ಎತ್ತಿಕೊಂಡು ಓಡುತ್ತಿರಬಹುದು. ಆದರೆ ಗಾಡಿ ನಾಳೆಯೂ ಬರುತ್ತದೆ, ಅಲ್ಲಿ ಇನ್ನೊಬ್ಬಳು ಹತ್ತುತ್ತಾಳೆ. ಕಾಲೇಜಿನ ಹುಡುಗಿಯರು ಸೆರಗಿಲ್ಲದ ಬಟ್ಟೆಯಲ್ಲಿ ಜಿಗಿಜಿಗಿದು ದಾಟುವುದನ್ನು ನಾನು ನೋಡಿದ್ದೆ.

ಸಭೆ ಪಂಚಾಯಿತಿಯ ಮುಂದಿನ ಕಟ್ಟೆಯ ಮೇಲೆ. ಕಚೇರಿಯ ಆ ಮೆದುಮಾತಿನ ಅಧಿಕಾರಿ ಬಂದಿದ್ದರು, ಕಂಪನಿಯ ಮ್ಯಾನೇಜರು ಬಂದಿದ್ದರು. ಪಂಚಾಯಿತಿಯ ಅಧ್ಯಕ್ಷೆ ನನ್ನ ಕಡೆ ನೋಡಿದಳು. ಎದ್ದು ನಿಂತೆ.

"ರೊಟ್ಟಿ ತಡ ಆದ್ರ ನಮಗ ಕಟ್ ಅದರಿ. ಹುಡುಗ್ರು ತಡ ಆದ್ರ ಸಾಲಿ ಹೊರಗ ನಿಂದ್ರಸ್ತಾರ. ಕೂಲಿಯವ್ರು ತಡ ಆದ್ರ ಅರ್ಧ ದಿನ ಹೋತು. ಗಾಡಿ ಹತ್ತಿದ್ರ ಕೋರ್ಟು. ಎಲ್ಲಾರಿಗೂ ಜುಲ್ಮಾನಿ ಅದ. ಗಾಡಿಗೂ ಹಾಕ್ರಿ. ಹಾಕೂದು ಹಾಕ್ರಿ, ಬಾಡಿಗಿ ಆಗೂವಂಗ ಹಾಕಬ್ಯಾಡ್ರಿ. ನೋಯೂವಂಗ ಹಾಕ್ರಿ. ಒಂದು ಸಲ ನಿಂತ್ರ ಇಷ್ಟು, ಮತ್ತ ನಿಂತ್ರ ಅದರ ಮ್ಯಾಲ ಇಷ್ಟು. ಇಲ್ಲಂದ್ರ ರಸ್ತಾದ ಹತ್ರ ಗಾಡಿ ಕತ್ತರಿಸಿ ನಿಂದ್ರಸ್ರಿ."

ಮ್ಯಾನೇಜರು ಎದ್ದು, ಶೆಡ್ಡು ದೊಡ್ಡದು ಮಾಡುವ ಯೋಚನೆ ಇದೆ, ಸಮಯ ಬೇಕು ಎಂದರು. ಎಷ್ಟು ಸಮಯ ಎಂದು ಯಾರೋ ಕೇಳಿದರು. ನೋಡೋಣ ಎಂದು ಅವರು ಕೂತುಬಿಟ್ಟರು. ಆಗ ಕೆಲಸಕ್ಕಿದ್ದವರ ಮನೆಯವರೂ ಕೈ ಎತ್ತತೊಡಗಿದರು. ಮೊದಲು ಹೆಂಗಸರು, ಆಮೇಲೆ ಗಂಡಸರು. ಠರಾವು ಆಯಿತು. ಅಕ್ಕ ಸಭೆಗೆ ಬಂದಿರಲಿಲ್ಲ.

ಆದೇಶ ಬರಲು ಮಳೆಗಾಲ ಕಳೆದು ಚಳಿಗಾಲ ಹಿಡಿಯಿತು. ಆ ನಡುವೆ ನಾನು ಎಷ್ಟು ಸಲ ಯಾದಗಿರಿಗೆ ಹೋದೆನೋ ಲೆಕ್ಕ ಇಟ್ಟಿಲ್ಲ. ಅಧಿಕಾರಿಗಳು ನನ್ನನ್ನು ನೋಡಿದರೆ, "ಬಂದ್ರಾ? ಇನ್ನೂ ಸಹಿ ಆಗಿಲ್ಲ" ಎಂದು ಮೊದಲೇ ಹೇಳಿಬಿಡುತ್ತಿದ್ದರು. ಕೊನೆಗೆ ಆಯಿತು. ನಾವು ಕೇಳಿದಂತೆಯೇ, ನಿಂತಂತೆಲ್ಲ ಏರುವ ದಂಡ. ಸರಪಳಿಯ ಹತ್ತಿರ ಬೋರ್ಡು ಹಾಕಿದರು. ಕಂಪನಿ ಮೊದಲ ದಂಡ ಕಟ್ಟಿತು, ಗಾಡಿ ನಿಂತಿತು. ಎರಡನೆಯದನ್ನೂ ಕಟ್ಟಿತು, ಗಾಡಿ ನಿಂತಿತು. ಇದೂ ಬಾಡಿಗೆಯೇ ಆಯಿತಲ್ಲ ಎಂದು ನನ್ನ ಜೀವ ಕುದಿಯಿತು. ಗಾಡಿ ಬಂದಾಗಲೆಲ್ಲ ನಾನೇ ಹೋಗಿ ಫೋಟೋ ತೆಗೆದು ಅಧಿಕಾರಿಗಳಿಗೆ ಕಳಿಸುತ್ತಿದ್ದೆ. ಮೂರನೆಯ ದಂಡ ಬಂದ ಮೇಲೆ ಒಂದು ಮಧ್ಯಾಹ್ನ ಲೈನಿನ ಮೇಲೆ ಕೆಲವರು ಹೊಸ ಮಂದಿ ಕಂಡರು. ರಸ್ತೆಯ ಆ ಕಡೆಗೆ ಕೊಂಡಿ ಬಿಚ್ಚಿದರು. ಮುಂದಿನ ಅರ್ಧ ಶೆಡ್ಡಿನ ಕಡೆ ಸರಿಯಿತು, ಹಿಂದಿನ ಅರ್ಧ ಹಿಂದೆ ಉಳಿಯಿತು. ನಡುವೆ ರಸ್ತೆ ತೆರೆದುಕೊಂಡಿತು.

ನಾವು ಆಗ ಯಾದಗಿರಿಯ ಒಂದು ಖಾನಾವಳಿಗೆ ರೊಟ್ಟಿ ಕೊಡುತ್ತಿದ್ದೆವು, ಮೊದಲಿನಷ್ಟಲ್ಲ, ಸ್ವಲ್ಪ. ನಮ್ಮ ಟಂಟಂ ಅಲ್ಲೇ ಕಾಯುತ್ತಿತ್ತು. ಸರಪಳಿ ಬಿಚ್ಚಿದರೂ ಮನೆಯವರು ಅಡಿಕೆ ಅಗಿಯುತ್ತ ನೋಡುತ್ತಲೇ ಇದ್ದರು. "ಹೊಡೀರಿ ಜಲ್ದಿ!" ಎಂದು ಬೆನ್ನಿಗೆ ಗುದ್ದಿದೆ. ಎರಡು ಕಡೆಯ ವ್ಯಾಗನ್ನುಗಳ ನಡುವೆ ಹಾದು ಹೋಗುವಾಗ ಕಲ್ಲಿದ್ದಲಿನ ವಾಸನೆ ಮುಖಕ್ಕೆ ಬಂತು. ಖುಷಿಯಾಗಬೇಕಿತ್ತು, ಆಯಿತು ಕೂಡ, ಆದರೆ ಪಕ್ಕದ ಜಾಗ ಖಾಲಿ ಇತ್ತು. ಅಕ್ಕ ಆ ಹೊತ್ತಿಗೆ ಕಂಪನಿಯ ಕ್ಯಾಂಟೀನಿನಲ್ಲಿದ್ದಳು. ಸಭೆಯಾದ ಮೇಲೆ ಅವಳೇ ಹೋಗಿ ಆ ಕೆಲಸ ಒಪ್ಪಿಕೊಂಡಿದ್ದಳು. ಓಣಿಯ ಕೆಲವು ಹೆಣ್ಣುಮಕ್ಕಳೂ ಅವಳ ಕಡೆ ಹೋದರು. ಠರಾವು ಮಾಡಿದ ಊರಿಗೆ ಕಂಪನಿ ಯಾಕೆ ಕೆಲಸ ಕೊಟ್ಟಿತೋ ನನಗೆ ಇಂದಿಗೂ ಪೂರ್ತಿ ತಿಳಿಯದು. ರೊಟ್ಟಿ ನಿಜವಾಗಿಯೂ ಚೆನ್ನಾಗಿತ್ತು, ಅಷ್ಟೇ ಇರಬಹುದು.

ಮಾತು ನಿಂತಿರಲಿಲ್ಲ, ಆದರೆ ಬೇಕಾದಷ್ಟೇ ಇತ್ತು. ನೀರು ಬಂತು, ಎಮ್ಮಿ ಬಿಚ್ಕೊಂಡದ, ಅಂಥವು.

ಹೋದ ಮಳೆಗಾಲದ ಒಂದು ಮುಂಜಾನೆ ಅವಳು ಜೋಳದ ಹಿಟ್ಟು ತುಂಬಿದ ಪರಾತವನ್ನು ಎಡಗೈಯಲ್ಲಿ ಸೊಂಟಕ್ಕೆ ಅವುಚಿಕೊಂಡು ನನ್ನ ಬಾಗಿಲಿಗೆ ಬಂದು ನಿಂತಳು. ಥಂಡಿಗೆ ಮಣಿಕಟ್ಟು ಸೆಳೆಯುತ್ತಿತ್ತು, ಅವಳ ಜೊತೆಯವರು ಅಂದು ಬಂದಿರಲಿಲ್ಲ.

"ಬಡಿಯಾಕ ಆಗ್ತದ. ನಾದಾಕ ಆಗವಲ್ದು" ಎಂದಳು.

ಒಳಗೆ ಕರೆದೆ. ಎಸರಿನ ನೀರು ಕುದಿಯುತ್ತಿತ್ತು, ಹಿಟ್ಟಿನ ನಡುವೆ ಹೊಯ್ದು ನಾದತೊಡಗಿದೆ. ಯಾವ ಕಂಪನಿಯ ಮೇಲೆ ಊರೆಲ್ಲ ತಿರುಗಿ ದಂಡ ಹಾಕಿಸಿದ್ದೆನೋ ಅವರ ಮಧ್ಯಾಹ್ನದ ಊಟಕ್ಕೆ ಹಿಟ್ಟು ನಾದುತ್ತಿದ್ದೇನೆ ಎಂದು ನನಗೆ ನಗು ಬಂತು. ಅಕ್ಕ ಒಲೆಯ ಮುಂದೆ ಕೂತಳು. ಅವಳ ಬಲಗೈ ಮೊದಲಿನಷ್ಟು ಚುರುಕಿರಲಿಲ್ಲ. ರೊಟ್ಟಿ ಒಂದು ಕಡೆ ದಪ್ಪವಾಗುತ್ತಿತ್ತು, ಅದನ್ನು ಅವಳೇ ನೋಡಿ, ಮತ್ತೆ ತಟ್ಟಿ ಸರಿಮಾಡುತ್ತಿದ್ದಳು.

ಅಷ್ಟರಲ್ಲಿ ಊರ ಹೊರಗೆ ಇಂಜಿನ್ನು ಕೂಗಿತು. ನನ್ನ ಕೈ ನಿಂತಿತು.

"ಏಳಬ್ಯಾಡ. ಹಿಟ್ಟು ಆರ್ತದ" ಎಂದಳು ಅಕ್ಕ, ಹಂಚಿನಿಂದ ಕಣ್ಣು ತೆಗೆಯದೆ.

"ಕತ್ತರಸ್ತಾರೋ ಇಲ್ಲೋ ನೋಡ್ಕೊಂಡು ಬರ್ತೀನಿ. ಮಳಿಗಾಲದಾಗ ಮಂದಿ ಬರಂಗಿಲ್ಲ, ಹಂಗೇ ನಿಂದ್ರಸ್ತಾರ."

"ನಿಂದ್ರಸಿದ್ರ ಜುಲ್ಮಾನಿ ಕಟ್ತಾರ. ನೀನೇ ಬರಸೀಯಲ್ಲ?"

ನಾನು ಆಗಲೇ ಎದ್ದಿದ್ದೆ. ಹಿಟ್ಟಿನ ಕೈಯಲ್ಲೇ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಜಿಟಿಜಿಟಿ ಮಳೆಯಲ್ಲಿ ತಿರುವಿನವರೆಗೆ ಓಡಿದೆ. ಗಾಡಿ ನಿಂತಿತ್ತು. ಇಬ್ಬರು ಮಳೆಯಲ್ಲಿ ನೆನೆಯುತ್ತ ಕೊಂಡಿಯ ಹತ್ತಿರ ಬಾಗಿದ್ದರು. ಬಹಳ ಹೊತ್ತು ಹಿಡಿಯಿತು. ಕೊಂಡಿ ಬಿಗಿದಿತ್ತೋ ಏನೋ. ನಾನು ಅಲ್ಲೇ ಅತ್ತಿಂದಿತ್ತ ನಡೆದಾಡಿದೆ. ಕೊನೆಗೆ ಅದು ಬಿಟ್ಟುಕೊಂಡಿತು, ಆ ಕಡೆ ಕಾಯುತ್ತಿದ್ದ ಬಸ್ಸು ಹಾರ್ನ್ ಹೊಡೆಯುತ್ತ ಊರಿನ ಕಡೆಗೆ ಬಂತು.

ಮನೆಗೆ ಬಂದಾಗ ಅಕ್ಕ ಪರಾತವನ್ನು ತನ್ನ ಕಡೆ ಎಳೆದುಕೊಂಡು ಎಡಗೈಯಲ್ಲಿ ನಾದುತ್ತಿದ್ದಳು. ಬೈದಳು. ಹಿಟ್ಟು ಆರಿ ಬಿರುಕು ಬಿಟ್ಟಿತ್ತು. ನಾನು ಸ್ವಲ್ಪ ಬಿಸಿನೀರು ಚಿಮುಕಿ ಮತ್ತೆ ನಾದಿದೆ. ಮುಗಿದ ಮೇಲೆ ಬುಟ್ಟಿಯನ್ನು ಇಬ್ಬರೂ ಹಿಡಿದು ಕಂಪನಿಯ ಗೇಟಿನವರೆಗೆ ಒಯ್ದೆವು. ಅವಳು ಒಳಗೆ ಹೋದಳು, ನಾನು ಹೊರಗೆ ನಿಂತೆ. ಮಳೆ ಜೋರಾಯಿತು. ಅವಳು ಖಾಲಿ ಬುಟ್ಟಿ ತಲೆಯ ಮೇಲೆ ಬೋರಲು ಹಾಕಿಕೊಂಡು ಹೊರಗೆ ಬಂದು, ನಾನು ಇನ್ನೂ ಅಲ್ಲೇ ಇರುವುದನ್ನು ನೋಡಿ, "ಹೋಗಿಲ್ಲೇನು?" ಎಂದಳು.